ಗಂಟು ಕಂಡಾಗ ಸೂಜಿಗೆ ಅಂಜಬೇಕೆ?

(ಕೂಟದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೂಟದ ಹುಟ್ಟುಹಬ್ಬದ ದಿನ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕುವೈತಿನಲ್ಲಿರುವ ನಾವು ಹೆಂಗಸರು ಈ ಒಂದು ವಿಷಯವನ್ನು ಗಂಡನಿಗೂ ಹೇಳದೆ ಮುಚ್ಚಿಡುತ್ತೇವೆ. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ, "ಮಕ್ಕಳಿಗೆ ರಜೆ ಬರಲಿ, ಊರಿಗೆ ಹೋದಾಗ ತೋರಿಸೋಣ" ಎನ್ನುತ್ತೇವೆ. ನವೆಂಬರಿನಲ್ಲಿ ಕಂಡದ್ದು ಜುಲೈವರೆಗೆ ಉಳಿಯುತ್ತದೆ. ಅದು ಕ್ಯಾನ್ಸರ್ ಆಗಿದ್ದರೆ ನಮ್ಮ ಟಿಕೆಟಿಗಾಗಿ ಕಾಯುವುದಿಲ್ಲ.

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ವೈದ್ಯರು ಮೊದಲು ಕೈಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡ್, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ ಮಾಡಿಸುತ್ತಾರೆ. ಬರೀ ನೀರು ತುಂಬಿದ ಗುಳ್ಳೆಯೆಂದು ಖಚಿತವಾದರೆ ಸಾಮಾನ್ಯವಾಗಿ ಬಯಾಪ್ಸಿ ಬೇಡ. ಸಂಶಯ ಉಳಿದರೆ ಮಾತ್ರ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಇದರಲ್ಲಿ ಅಪಾಯವಿಲ್ಲವೆ? ಸ್ವಲ್ಪ ಇದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಸೂಜಿಯಿಂದ ಚೂರು ತೆಗೆಯುತ್ತಾರೆ. ಕೆಲವು ದಿನ ನೋವು, ಚರ್ಮ ನೀಲಿಗಟ್ಟುವುದು ಉಂಟು. ಹೆಚ್ಚು ರಕ್ತಸ್ರಾವ, ಕೀವು ಅಪರೂಪ. ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಒಮ್ಮೊಮ್ಮೆ ಸೂಜಿ ಸರಿಯಾದ ಜಾಗ ತಪ್ಪಬಹುದು. ವರದಿಯೂ ಚಿತ್ರವೂ ಹೊಂದದಿದ್ದರೆ ಮತ್ತೆ ಮಾಡಿಸಬೇಕಾದೀತು. ಫಲಿತಾಂಶ ಬರುವವರೆಗಿನ ಆತಂಕವೂ ಸಣ್ಣದಲ್ಲ.

"ಗಂಟು ಕೆಣಕಿದರೆ ಹರಡುತ್ತದೆ" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬಯಾಪ್ಸಿ ಮಾಡಿಸಿಕೊಂಡದ್ದರಿಂದ ಆಯುಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ.

ಲಾಭವನ್ನೂ ತೂಗಿ ನೋಡೋಣ. ಕ್ಯಾನ್ಸರ್ ಅಲ್ಲವೆಂದಾದರೆ ಅನವಶ್ಯಕ ಶಸ್ತ್ರಚಿಕಿತ್ಸೆ ತಪ್ಪೀತು. ಹೌದೆಂದಾದರೆ ಅದು ಯಾವ ಬಗೆಯದು, ಹಾರ್ಮೋನ್ ಮಾತ್ರೆಗೆ ಬಗ್ಗುವುದೇ ಎಂಬುದು ಆ ಚೂರಿನಿಂದಲೇ ತಿಳಿಯುತ್ತದೆ. ಬೇಗ ತಿಳಿದರೆ ಎಷ್ಟೋ ಸಲ ಸ್ತನವನ್ನು ಪೂರ್ತಿ ತೆಗೆಯಬೇಕಾಗಿಲ್ಲ.

ಕುವೈತ್ ಕ್ಯಾನ್ಸರ್ ನಿಯಂತ್ರಣ ಕೇಂದ್ರ ಇಲ್ಲಿಯೇ ಇದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಚಿಕಿತ್ಸೆ ಊರಿನಲ್ಲೇ ಎಂದು ನಿಶ್ಚಯಿಸಿದರೂ ಪರೀಕ್ಷೆಯನ್ನು ಮುಂದೂಡುವುದು ಬೇಡ. ಇಲ್ಲಿ ಬಯಾಪ್ಸಿ ಆದರೆ ವರದಿ, ಗಾಜಿನ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೆದು ಜೊತೆಗೊಯ್ಯೋಣ; ಅಲ್ಲಿನ ವೈದ್ಯರಿಗೆ ಅವು ಬೇಕಾಗುತ್ತವೆ.

ನೆರೆಮನೆಯಾಕೆಗೆ ಅರಬ್ಬಿ ಬಾರದಿದ್ದರೆ, ಒಬ್ಬಳೇ ಹೋಗಲು ಅಂಜಿದರೆ, ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಹಬ್ಬಕ್ಕೆ ಹೋಳಿಗೆ ಹಂಚುವ ನಾವು ಇಂಥ ಹೊತ್ತಿನಲ್ಲಿ ಭಯವನ್ನೂ ಹಂಚಿಕೊಳ್ಳೋಣ. ಕೂಟವೆಂದರೆ ಅದೇ ಅಲ್ಲವೆ?