ಒಂದು ಕಂತಿನ ತೊಗರಿಬೇಳೆ

ನಾನು ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು. ಊರು ಕಲಬುರಗಿ ಹತ್ರ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಮನೆ ಮಿಯಾಪುರದಲ್ಲಿ. ಇವತ್ತು ನಾನು ಷೇರು, ಮ್ಯೂಚುವಲ್ ಫಂಡ್ ಬಗ್ಗೆ ಮಾತಾಡಲ್ಲ. ಬೇಳೆ, ಎಣ್ಣೆ, ಸೊಪ್ಪಿನ ಬಗ್ಗೆ ಮಾತಾಡ್ತೀನಿ. ಕಳೆದ ವರ್ಷ ನಮ್ಮ ಮನೆ ಸಾಲದ ಒಂದು ಕಂತು ಕಟ್ಟಿದ್ದು ಇವೇ.

ಜೂನ್‌ನಲ್ಲಿ ನಮ್ಮೆಜಮಾನ್ರ ಕೆಲಸ ಹೋಯ್ತು. ಮಧ್ಯಾಹ್ನ ಒಂದು ಕಾಲ್‌ಗೆ ಕರೆದ್ರು, ಹದಿನೈದು ನಿಮಿಷದಲ್ಲಿ ಮುಗೀತು. ಎರಡು ಸಂಬಳ ನಂಬಿ ತಗೊಂಡ ಫ್ಲ್ಯಾಟು, ಇಎಂಐ 46 ಸಾವಿರ. ಮಗನ ಸ್ಕೂಲ್ ಫೀಸು, ಊರಲ್ಲಿ ಅತ್ತೆಯವರ ಔಷಧಿ. ಇವ್ಯಾವುದನ್ನೂ ಮುಟ್ಟೋ ಹಾಗಿರಲಿಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಅಡುಗೆಮನೆ ಒಂದೇ.

ಆವತ್ತು ರಾತ್ರಿ ಮಗ ಮಲಗಿದ ಮೇಲೆ ಮೇ ತಿಂಗಳ ಖರ್ಚು ತೆಗೆದು ನೋಡಿದ್ವಿ. ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳಿಗೆ 12,800. ವಾರಾಂತ್ಯದ ಸೂಪರ್ ಮಾರ್ಕೆಟ್ಟಿಗೆ 5,300. ಹೋಟೆಲಿಂದ ತರಿಸಿದ್ದು 3,500. ಒಟ್ಟು 21,600. ಮೂರು ಜನಕ್ಕೆ! ಆ್ಯಪ್‌ನಲ್ಲಿ 41 ಆರ್ಡರ್ ಇತ್ತು. ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು ಇರಲಿ ಬಿಡಿ. ಕೊತ್ತಂಬರಿ ಬೇಕು ಅಂತ ತೆಗೆದ್ರೆ, ಫ್ರೀ ಡೆಲಿವರಿ ಸಿಗ್ಲಿ ಅಂತ ಚಿಪ್ಸು, ಜ್ಯೂಸು ಸೇರಿಸ್ತಿದ್ವಿ. ನಿಜವಾದ ಸೋರಿಕೆ ಅಲ್ಲಿತ್ತು.

ಮೊದಲು ಮಾಡಿದ್ದು, ಆ್ಯಪ್ ತೆಗೆದು ಹಾಕಿ ರೈತು ಬಜಾರಿಗೆ ಹೋಗಿದ್ದು. ಅವಿಭಜಿತ ಆಂಧ್ರದಲ್ಲಿ 1999ರಲ್ಲಿ ಶುರುವಾದ ಮಾರುಕಟ್ಟೆಗಳು ಇವು. ರೈತರು ನೇರವಾಗಿ ಮಾರ್ತಾರೆ, ಆ ದಿನದ ದರ ಬೋರ್ಡ್ ಮೇಲೆ ಬರೆದಿರುತ್ತೆ. ಒಂಬತ್ತು ವರ್ಷ ಇಲ್ಲೇ ಇದ್ದು ಕೂಕಟ್‌ಪಲ್ಲಿ ರೈತು ಬಜಾರಿಗೆ ಒಂದು ದಿನ ಹೋಗಿರಲಿಲ್ಲ. ಭಾಷೆಯ ಚಿಂತೆ ಬೇಡ. ಬೆಂಡೆಕಾಯಿ ಬೆಂಡಕಾಯ, ಹೀರೇಕಾಯಿ ಬೀರಕಾಯ. ಇವರ ಗೋಂಗೂರ ಅಂದ್ರೆ ನಮ್ಮ ಪುಂಡಿಪಲ್ಯ. ಅದನ್ನ ನೋಡಿ ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಎರಡನೇದು, ಪ್ಯಾಕೆಟ್ ಓದೋದು. ಎಂಆರ್‌ಪಿ ಪಕ್ಕದಲ್ಲಿ ಯೂನಿಟ್ ಸೇಲ್ ಪ್ರೈಸ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ, ಗ್ರಾಂಗೆ ಅಥವಾ ಕೇಜಿಗೆ ಎಷ್ಟು ಅಂತ. ಹೋಲಿಸಬೇಕಾದ್ದು ಅದನ್ನ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಲ್ಲ. ಎಣ್ಣೆ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಲೀಟರ್ ಪ್ಯಾಕೆಟ್ಟಿನ ಥರಾನೇ ಕಾಣೋದನ್ನ ಎತ್ತಿ ನೋಡಿದ್ರೆ 850 ಗ್ರಾಂ ಅಂತ ಇರುತ್ತೆ.

ಮೂರನೇದರಲ್ಲಿ ನಾನು ಸೋತೆ. ಸಗಟು ಅಂಗಡಿಲಿ ಅಗ್ಗ ಅಂತ ಒಂದೇ ಸಲ 50 ಕೇಜಿ ಅಕ್ಕಿ, 15 ಕೇಜಿ ಬೇಳೆ ತಂದು ಬಾಲ್ಕನಿ ಪಕ್ಕ ಇಟ್ಟೆ. ಮಳೆಗಾಲ. ಆರು ವಾರಕ್ಕೆ ಹುಳ ಬಿತ್ತು. ಫೋನಲ್ಲಿ ಹೇಳಿದ್ರೆ ಅತ್ತೆ ನಕ್ಕರು. "ಯವ್ವಾ, ವರ್ಷದ ಬ್ಯಾಳಿ ಬ್ಯಾಸಿಗ್ಯಾಗ ಒಣಗಿಸಿ ಇಡತಾರ, ಮಳಿಗಾಲದಾಗ ತಂದು ಇಡತಾರೇನ?" ಈಗ ಅಕ್ಕಿ ಒಂದು ತಿಂಗಳಿಗಷ್ಟೇ. ತೊಗರಿಬೇಳೆ ಮಾತ್ರ ಊರಿಂದ. ನಮ್ಮ ಕಲಬುರಗಿ ಬೇಳೆಗೆ ಜಿಐ ಟ್ಯಾಗ್ ಇದೆ, ನಾವು ಇಲ್ಲಿ ಅದನ್ನ ಬಿಟ್ಟು ಪಾಲಿಶ್ ಮಾಡಿದ ಬೇಳೆ ತಿಂತಿದ್ವಿ.

ಮೂರನೇ ತಿಂಗಳಿಗೆ ಲೆಕ್ಕ ಹೀಗೆ ನಿಂತ್ತು: ದಿನಸಿ 5,500, ತರಕಾರಿ-ಹಣ್ಣು 3,000, ಹಾಲು 2,400, ಮೊಟ್ಟೆ ಮತ್ತೊಂದು 1,100, ತಿಂಗಳಿಗೊಂದು ಸಲ ಹೊರಗೆ ಊಟ 1,000. ಒಟ್ಟು 13 ಸಾವಿರ.

ಆದ್ರೆ ಎಕ್ಸೆಲ್ ಶೀಟಲ್ಲಿ ಬರದೇ ಇರೋ ಒಂದು ವಿಷಯ ಹೇಳಲೇಬೇಕು. ಆಗಸ್ಟ್‌ನಲ್ಲಿ ಒಂದು ದಿನ ಶೀಟ್ ನೋಡ್ತಾ ಕೇಳಿದೆ, "ಈ 60 ರೂಪಾಯಿ ಏನ್ರೀ?" ಅವರು ಏನೂ ಹೇಳಲಿಲ್ಲ. ಆಮೇಲೆ ಎರಡು ವಾರ ಮನೆ ಬಿಟ್ಟು ಹೊರಗೇ ಹೋಗಲಿಲ್ಲ. ಅದು ಹಳೇ ಸಹೋದ್ಯೋಗಿ ಒಬ್ಬರ ಜೊತೆ ಕುಡಿದ ಚಹಾ. ರೆಫರಲ್ ಕೇಳೋಕೆ ಹೋಗಿದ್ರು. ಕೆಲಸ ಕಳ್ಕೊಂಡ ಮನುಷ್ಯನ ಹತ್ರ ನಾನು ಚಹಾದ ಲೆಕ್ಕ ಕೇಳಿದ್ದೆ. ಸಂಬಳ ನಂದು ಅನ್ನೋ ಧ್ವನಿ ನನಗೆ ಗೊತ್ತಿಲ್ಲದ ಹಾಗೆ ಬಂದಿತ್ತು. ಮುಂದಿನ ತಿಂಗಳಿಂದ ಇಬ್ಬರಿಗೂ ತಲಾ 1,500 ಎತ್ತಿಟ್ವಿ. ಅದಕ್ಕೆ ಲೆಕ್ಕ ಇಲ್ಲ, ಪ್ರಶ್ನೆ ಇಲ್ಲ.

ಜನವರಿಯಲ್ಲಿ ಅವರಿಗೆ ಕೆಲಸ ಸಿಕ್ತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಏಳು ತಿಂಗಳಲ್ಲಿ ಅಡುಗೆಮನೆಯಿಂದ ಉಳಿದದ್ದು ಹೆಚ್ಚುಕಡಿಮೆ 50 ಸಾವಿರ. ಅಂದ್ರೆ ಒಂದೇ ಒಂದು ಕಂತು. ಬಾಕಿ ಕಂತುಗಳಿಗೆ ಎಫ್‌ಡಿ ಮುರಿದ್ವಿ, ಸುಳ್ಳು ಹೇಳಲ್ಲ. ಆದ್ರೂ ಆ ಒಂದು ಕಂತನ್ನ ಯಾರ ಹತ್ರಾನೂ ಕೈ ಚಾಚದೆ ಕಟ್ಟಿದ್ವಿ.

ಇವತ್ತು ರಾತ್ರಿ ನಿಮ್ಮ ಫೋನಲ್ಲಿ ಕಳೆದ ತಿಂಗಳ ಆರ್ಡರ್ ಎಷ್ಟು ಅಂತ ಎಣಿಸಿ. ಮನೇಲಿ ಇಬ್ಬರೂ ಕೂತು ಎಣಿಸಿ. ಬೈಕೋಬೇಡಿ, ಬರೀ ಎಣಿಸಿ.