ಇಂಗ್ಲಿಷಿನಲ್ಲಿ ಕೈ ಕೊಟ್ಟರೆ

ನನಗೆ ಪತ್ರ ಬರೆಯುವ ಕೇಳುಗರಲ್ಲಿ ಹೆಚ್ಚಿನವರ ಅಳಲು ಒಂದೇ: "ಇಂಗ್ಲಿಷಿನ ಒಂದೊಂದು ಪದವೂ ಗೊತ್ತು, ಆ ಭಾಷೆಯವರು ಮಾತಿಗೆ ನಿಂತರೆ ಮಾತ್ರ ತಲೆಬುಡ ತಿಳಿಯುವುದಿಲ್ಲ." ಪದ ಗೊತ್ತಿರುವುದೇ ತೊಂದರೆ ಸ್ವಾಮಿ! ಗೊತ್ತಿಲ್ಲದಿದ್ದರೆ ನಿಘಂಟು ತೆಗೆಯುತ್ತಿದ್ದಿರಿ.

ಕೈಯನ್ನೇ ನೋಡಿ. 'ಗೆಳೆಯ ಕೈ ಕೊಟ್ಟ' ಅಂದರೆ ನಮ್ಮಲ್ಲಿ ಮೋಸ. ಅವರು 'ಗಿವ್ ಮಿ ಎ ಹ್ಯಾಂಡ್' ಅಂದರೆ ಸ್ವಲ್ಪ ಸಹಾಯ ಮಾಡು ಎಂದು. ಸಭೆಯಲ್ಲಿ 'ಗಿವ್ ಹರ್ ಎ ಬಿಗ್ ಹ್ಯಾಂಡ್' ಅಂದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದು. 'ಗಾಟ್ ಔಟ್ ಆಫ್ ಹ್ಯಾಂಡ್' ಮಾತ್ರ ನಮ್ಮ 'ಕೈ ಮೀರಿತು' ಅನ್ನುವುದೇ. ಒಂದು ಹೊಂದಿತೆಂದು ಇನ್ನೊಂದನ್ನು ನಂಬುವ ಹಾಗಿಲ್ಲ. ನುಡಿಗಟ್ಟು ನಾಲ್ಕು ಪದವಲ್ಲ, ಒಂದೇ ಪದ. ಬಿಡಿಸಬೇಡಿ. ಮತ್ತೆ ಹೇಳುತ್ತೇನೆ, ಬಿಡಿಸಬೇಡಿ. 'ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎಂದರೆ ನೀವೇನು ಬಾಯಿ ತೆರೆಯುತ್ತೀರಾ?

ನಾನೂ ಬಿಡಿಸಿ ಕೆಟ್ಟವನೇ. ಅಮೆರಿಕದಿಂದ ಬಂದಿದ್ದ ಸಹೋದ್ಯೋಗಿಯೊಬ್ಬರನ್ನು ಭಾನುವಾರ ಊಟಕ್ಕೆ ಕರೆದೆ. 'ಕ್ಯಾನ್ ಐ ಟೇಕ್ ಎ ರೇನ್ ಚೆಕ್?' ಅಂದರು. ಏಪ್ರಿಲ್ ತಿಂಗಳು, ಮಳೆ ಬರೋದಿಲ್ಲ ಬನ್ನಿ ಅಂದೆ. ನಕ್ಕರು. ಮನೆಯಲ್ಲಿ ಹೋಳಿಗೆ ಮಾಡಿಟ್ಟು ಮೂರು ಗಂಟೆವರೆಗೆ ಕಾದೆವು. ಅಮೆರಿಕದಲ್ಲಿ ಮಳೆಯಿಂದ ಬೇಸ್‌ಬಾಲ್ ಆಟ ನಿಂತರೆ ಟಿಕೆಟಿನ ತುಂಡು ತೋರಿಸಿ ಇನ್ನೊಂದು ದಿನ ಆಟ ನೋಡಬಹುದಿತ್ತು; ಆ ಚೀಟಿಯೇ ರೇನ್ ಚೆಕ್. ಅಂದರೆ 'ಇವತ್ತು ಬೇಡ, ಇನ್ನೊಮ್ಮೆ'. ಅದೆಷ್ಟೋ ಸಲ ಆ ಇನ್ನೊಮ್ಮೆ ಬರುವುದೇ ಇಲ್ಲ, ನಮ್ಮ 'ಆಯ್ತು, ನೋಡೋಣ' ಇದ್ದ ಹಾಗೆ.

ಬೇಸ್‌ಬಾಲ್ ಬಿಡಿ, ಕ್ರಿಕೆಟ್ ನೋಡಿ ಬೆಳೆದ ನಾವು ಅದರಲ್ಲೂ ಎಡವುತ್ತೇವೆ. ಆ ಸುದ್ದಿ 'ನಾಕ್ಡ್ ಮಿ ಫಾರ್ ಸಿಕ್ಸ್' ಎಂದು ಇಂಗ್ಲೆಂಡಿನವರು ಹೇಳಿದರೆ ಅಭಿನಂದಿಸಲು ಹೋಗಬೇಡಿ. ಅವರು ಸಿಕ್ಸರ್ ಬಾರಿಸಿದವರಲ್ಲ, ಪೆಟ್ಟು ತಿಂದವರು.

ಇನ್ನು ಗೈಡಿನಲ್ಲಿರುವ ಆ ಬೆಕ್ಕು ನಾಯಿಗಳ ಮಳೆ! ಜೋರು ಮಳೆಗೆ 'ಕ್ಯಾಟ್ಸ್ ಅಂಡ್ ಡಾಗ್ಸ್' ಅನ್ನುವುದನ್ನು ಇನ್ನೂ ಬಾಯಿಪಾಠ ಮಾಡಿಸುವವರ ಮೇಲೆ ನನಗೆ ಸಿಟ್ಟಿದೆ. ಇಂಗ್ಲಿಷರು ಸಾಮಾನ್ಯವಾಗಿ 'ಇಟ್ಸ್ ಪೋರಿಂಗ್' ಅಂದು ಕೊಡೆ ಬಿಚ್ಚುತ್ತಾರೆ, ಅಷ್ಟೆ.

ಕಲಿಯುವ ಉಪಾಯಗಳನ್ನು ಹೇಳಬೇಕೆಂದಿದ್ದೆ, ಹೊತ್ತು ಮೀರುತ್ತಿದೆ. ಮೂರೇ ಮಾತು. ಕಿವಿಗೆ ಬಿದ್ದದ್ದನ್ನು ಪೂರ್ತಿ ವಾಕ್ಯವಾಗಿ ಬರೆದಿಡಿ. ಯಾರು, ಯಾರಿಗೆ, ಯಾವಾಗ ಅಂದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸದೆ ಅಲ್ಲೇ ಕೇಳಿಬಿಡಿ.