ಧೂಪದ ಮರ ಮತ್ತು ಚಿತ್ರದ ಹೊಳಪು
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಳೆಯ ತೈಲಚಿತ್ರಗಳನ್ನು ಶುಚಿಮಾಡಿ ಉಳಿಸುವುದು ನನ್ನ ಕೆಲಸ. ಅದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾಲ್ಕು ಮಾತಲ್ಲ, ಒಂದೇ ವಸ್ತುವಿನ ಬಗ್ಗೆ ಹೇಳುತ್ತೇನೆ. ಅದರ ಹೆಸರು ಡಾಮರ್. ಹಿಂದಿನ ಸಾಲಿನ ಮಕ್ಕಳು ನಗಬೇಡಿ, ಇದು ರಸ್ತೆಗೆ ಹಾಕುವ ಡಾಂಬರಲ್ಲ. ಮರದ ತೊಗಟೆಯಿಂದ ಒಸರಿ ಗಟ್ಟಿಯಾಗುವ ರಾಳ. ಮಲಯ ಭಾಷೆಯಲ್ಲಿ ರಾಳಕ್ಕೂ ಅದರಿಂದ ಉರಿಸುವ ದೀವಟಿಗೆಗೂ 'ದಾಮರ್' ಎನ್ನುತ್ತಾರೆ.

ಹೊಳೆಯ ಕಲ್ಲನ್ನು ನೋಡಿದ್ದೀರಲ್ಲ? ಒಣಗಿದಾಗ ಬಿಳಿಚಿಕೊಂಡಿರುತ್ತದೆ, ನೀರಿಗೆ ಅದ್ದಿದರೆ ಅದರ ಬಣ್ಣವೆಲ್ಲ ಎದ್ದು ಬರುತ್ತದೆ. ತೈಲಚಿತ್ರದ ಮೇಲೆ ವಾರ್ನಿಷ್ ಮಾಡುವ ಕೆಲಸವೂ ಅದೇ. ಒಣಗಿದ ಬಣ್ಣದ ಮೇಲ್ಮೈ ಒರಟಾಗಿ, ಬೆಳಕು ಚದುರಿ ಹೋಗುತ್ತದೆ. ರಾಳದ ತೆಳುಪದರ ಆ ಒರಟನ್ನು ತುಂಬಿದರೆ ಕಪ್ಪು ಕಪ್ಪಾಗಿ, ಕೆಂಪು ಕೆಂಪಾಗಿ ಕಾಣುತ್ತದೆ. ಜೊತೆಗೆ ಧೂಳು, ಹೊಗೆ ಚಿತ್ರಕ್ಕೆ ನೇರವಾಗಿ ತಾಗುವುದಿಲ್ಲ.

ಡಾಮರ್ ವಾರ್ನಿಷ್ ಮಾಡಲು ದೊಡ್ಡ ಕಾರ್ಖಾನೆ ಬೇಡ. ರಾಳದ ಹರಳುಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಟರ್ಪೆಂಟೈನ್ ತುಂಬಿದ ಜಾಡಿಯಲ್ಲಿ ಇಳಿಬಿಟ್ಟರಾಯಿತು. ಒಂದೆರಡು ದಿನಗಳಲ್ಲಿ ರಾಳ ಕರಗಿ ಇಳಿಯುತ್ತದೆ. ತೊಗಟೆಯ ಚೂರು, ಸತ್ತ ಹುಳ ಬಟ್ಟೆಯಲ್ಲೇ ಉಳಿಯುತ್ತವೆ. ಯುರೋಪಿನಲ್ಲಿ ಅದಕ್ಕೂ ಹಿಂದೆ ಗ್ರೀಸಿನ ಕಿಯೋಸ್ ದ್ವೀಪದ ಮಾಸ್ಟಿಕ್ ಎಂಬ ರಾಳ ಬಳಕೆಯಲ್ಲಿತ್ತು. 1829ರಲ್ಲಿ ಜರ್ಮನಿಯ ಲ್ಯೂಕಾನಸ್ ಎಂಬವರು ಚಿತ್ರಗಳಿಗೆ ಡಾಮರ್ ಒಳ್ಳೆಯದೆಂದು ಬರೆದ ಮೇಲೆ ಇದು ಅಲ್ಲಿನ ಚಿತ್ರಶಾಲೆಗಳನ್ನು ಹೊಕ್ಕಿತು.

ಇದಕ್ಕೊಂದು ದೋಷವೂ ಇದೆ. ಬೆಳಕು, ಗಾಳಿ ತಾಗಿ ಕೆಲವು ದಶಕಗಳಲ್ಲಿ ಹಳದಿಯಾಗುತ್ತದೆ. ನೀಲಿ ಆಕಾಶ ಹಸಿರಾಗಿ ಕಾಣತೊಡಗುತ್ತದೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಚಿತ್ರಕ್ಕೆ 'ರಾತ್ರಿ ಪಹರೆ' ಎಂಬ ಹೆಸರು ಬಂದದ್ದು ವಾರ್ನಿಷ್, ಕೊಳೆ ಸೇರಿ ಅದು ಕಪ್ಪಾದ ಮೇಲೆ. 1940ರ ದಶಕದಲ್ಲಿ ಹಳೆಯ ಪದರ ತೆಗೆದಾಗ ಅದು ಹಗಲಿನ ಚಿತ್ರವೆಂದು ಜನ ಕಂಡರು. ಹೆಸರು ಮಾತ್ರ ಬದಲಾಗಲಿಲ್ಲ!

ಹಾಗಾದರೆ ಹಳದಿಯಾಗುವ ವಸ್ತುವನ್ನು ಏಕೆ ಬಳಸಬೇಕು? ಅದನ್ನು ಮತ್ತೆ ಕರಗಿಸಿ ತೆಗೆಯಲು ಬರುತ್ತದೆ, ಅದಕ್ಕೆ. ಕಡ್ಡಿಗೆ ಹತ್ತಿ ಸುತ್ತಿ, ಸರಿಯಾದ ದ್ರಾವಕದಲ್ಲಿ ಅದ್ದಿ, ಅಂಗುಲ ಅಂಗುಲವಾಗಿ ಉರುಳಿಸುತ್ತ ಹೋದರೆ ಹಳದಿ ಪದರ ಹತ್ತಿಗೆ ಬರುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ತೀರ ಹಳತಾದಷ್ಟೂ ಬಲವಾದ ದ್ರಾವಕ ಬೇಕು, ಆಗ ಅಪಾಯವೂ ಹೆಚ್ಚು. ಈಗ ಹಳದಿಯಾಗದ ಕೃತಕ ರಾಳಗಳು ಬಂದಿವೆ, ನಾನೂ ಬಳಸುತ್ತೇನೆ. ಆದರೂ ಗಾಢ ಬಣ್ಣದ ಹಳೆಯ ಚಿತ್ರದ ಮೇಲೆ ಡಾಮರ್ ಕೊಡುವ ಆಳ ನನ್ನ ಕಣ್ಣಿಗೆ ಬೇರೆಯೇ.

ಒಮ್ಮೆ ಒಂದು ಮನೆಯವರು ತಮ್ಮ ಮುತ್ತಜ್ಜನ ತೈಲಚಿತ್ರ ತಂದರು. ಯಾರೋ ಅದಕ್ಕೆ ಬಾಗಿಲಿಗೆ ಹೊಡೆಯುವ ವಾರ್ನಿಷ್ ಹೊಡೆದಿದ್ದರು. ಅದನ್ನು ಬಿಡಿಸುವಷ್ಟು ಬಲವಾದ ದ್ರಾವಕ ಹಾಕಿದರೆ ಅಜ್ಜನ ಮುಖವೂ ಬರುತ್ತಿತ್ತು. ಹಾಗೆಯೇ ಹಿಂದೆ ಕಳಿಸಬೇಕಾಯಿತು. ನಿಮ್ಮ ಮನೆಯಲ್ಲಿ, ಮಠದಲ್ಲಿ ಅಂಥ ಚಿತ್ರಗಳಿದ್ದರೆ ದಯವಿಟ್ಟು ಎಣ್ಣೆ, ವಾರ್ನಿಷ್ ಏನನ್ನೂ ಹಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ.

ಇನ್ನು ನಮ್ಮೂರಿನ ವಿಷಯ. ಡಾಮರ್ ಕೊಡುವ ಮರಗಳ ಕುಟುಂಬಕ್ಕೇ ಸೇರಿದ್ದು ನಮ್ಮ ಘಟ್ಟದ ಸಾಲುಧೂಪ. ಪೇಟೆಯಲ್ಲಿ ಅದರ ರಾಳಕ್ಕೆ 'ವೈಟ್ ಡಾಮರ್' ಎಂಬ ಹೆಸರಿತ್ತು, ವಾರ್ನಿಷಿಗೂ ಹೋಗುತ್ತಿತ್ತು. ಕರಿಧೂಪ ಬೇರೆ ಕುಟುಂಬದ್ದು, ಅದರದು 'ಬ್ಲ್ಯಾಕ್ ಡಾಮರ್'. ದೇವರ ಮುಂದೆ ನಾವು ಹಾಕುವ ಧೂಪ ಇವುಗಳದ್ದೇ. ರಾಳ ಬೇಗ ಬರಲೆಂದು ಕರಿಧೂಪದ ಬುಡಕ್ಕೆ ಕಚ್ಚು ಹಾಕಿ ಬೆಂಕಿ ಇಡುವ ಪದ್ಧತಿ ಇದೆ. ಎರಡು ಬುಟ್ಟಿ ರಾಳಕ್ಕೆ ಒಂದು ಮರ ಹೋಗುತ್ತದೆ. ಸಾಲುಧೂಪ ಪ್ಲೈವುಡ್ಡಿಗೆ ಹೋಯಿತು.

ಸುಮಾತ್ರಾದ ಕ್ರುಯಿ ಎಂಬ ಕಡೆಯೂ ಕಾಡಿನ ಮರಗಳನ್ನು ಕಂಡಾಬಟ್ಟೆ ಕಡಿದು ಕೆತ್ತಿ ಬರಿದು ಮಾಡಿದ್ದರು. ಆಮೇಲೆ ಅಲ್ಲಿನ ರೈತರು ಸಸಿಗಳನ್ನು ತಂದು ತಮ್ಮ ತೋಟದಲ್ಲೇ ನೆಟ್ಟರು, ಕಾಫಿ, ಹಣ್ಣಿನ ಮರಗಳ ನಡುವೆ. ಇಪ್ಪತ್ತು ವರ್ಷವಾದರೂ ಕಾಯದೆ ರಾಳ ಸಿಗದು. ನೆಟ್ಟವನು ಅಜ್ಜ, ಇಳಿಸುವವನು ಮೊಮ್ಮಗ. ಬೆತ್ತದ ಪಟ್ಟಿಯನ್ನು ಸೊಂಟಕ್ಕೂ ಮರಕ್ಕೂ ಸುತ್ತಿ ಏರಿ, ಕಾಂಡದ ಸಣ್ಣ ಗೂಡುಗಳಲ್ಲಿ ತುಂಬಿದ ರಾಳವನ್ನು ಸುಮಾರು ತಿಂಗಳಿಗೊಮ್ಮೆ ಕೆರೆದು ತರುತ್ತಾರೆ. ಮರ ದಶಕಗಳ ಕಾಲ ಕೊಡುತ್ತದೆ. ಆ ತೋಟಗಳಿಗೆ ಎಣ್ಣೆತಾಳೆಯ ಭಯ ಬಂದಾಗ ರೈತರು ಬಿಡಲಿಲ್ಲ. 1998ರಲ್ಲಿ ಇಂಡೋನೇಷ್ಯಾ ಸರ್ಕಾರ ಸುಮಾರು 29,000 ಹೆಕ್ಟೇರಿನಲ್ಲಿ ಅವರ ಹಕ್ಕನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ಹಾಗೆ ನೆಡಲು ಒಂದು ತೊಡಕಿದೆ. ಸಾಲುಧೂಪದ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡಲು ಬರುವುದಿಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಬಿದ್ದದ್ದನ್ನೆಲ್ಲ ಅದರ ಕೊಬ್ಬಿಗಾಗಿ ಆರಿಸಿ ಮಾರಿದರೆ ಮರದಡಿ ಸಸಿಯೇ ಏಳುವುದಿಲ್ಲ. ಮಳೆ ಹಿಡಿಯುವ ಜೂನ್, ಜುಲೈಯಲ್ಲಿ ಬೀಜ ಬೀಳುತ್ತದೆ. ಸಸಿಗೆ ಮೊದಲು ನೆರಳು ಬೇಕು, ಶಾಲೆಯ ಹಿಂದೆ ಅದಕ್ಕೆ ಕೊರತೆಯಿಲ್ಲ. ಚೀಲ, ಗೊಬ್ಬರದ ಖರ್ಚನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ ಎಂದು ನಿನ್ನೆ ಮಾತಾಡಿಕೊಂಡಿದ್ದೇವೆ. ಬೀಜ ಆರಿಸುವುದು ಎಂಟನೇ ತರಗತಿಯವರ ಪಾಲು. ಬೀಜ ಮಾರುವ ಹಿರಿಯರಲ್ಲಿ ಕೇಳಿಕೊಳ್ಳುವುದಿಷ್ಟೆ: ಹತ್ತರಲ್ಲಿ ಎರಡನ್ನಾದರೂ ಮರದಡಿಯಲ್ಲೇ ಬಿಡಿ.